ಜೋರ್ಡನ್ ಕೊಟ್ಟ ಪಾಸ್



ಬ್ಯಾಸ್ಕೆಟ್‌ಬಾಲ್ ಅಂಗಳದಲ್ಲಿ ಒಂದು ತಂಡಕ್ಕೆ ಐವರು, ಚೆಂಡು ಒಂದೇ. ಅದು ಯಾರ ಕೈಯಲ್ಲಿ ಎಷ್ಟು ಹೊತ್ತು ಇರಬೇಕು ಎಂಬುದರಲ್ಲೇ ಈ ಆಟದ ಸೊಗಸೂ ಇದೆ, ಮನಸ್ತಾಪವೂ ಇದೆ.

1986ರ ಏಪ್ರಿಲ್‌ನಲ್ಲಿ ಶಿಕಾಗೊ ಬುಲ್ಸ್ ತಂಡದ ಮೈಕೆಲ್ ಜೋರ್ಡನ್ ಬಾಸ್ಟನ್ ಸೆಲ್ಟಿಕ್ಸ್ ವಿರುದ್ಧ ಒಬ್ಬರೇ 63 ಅಂಕ ಗಳಿಸಿದರು. ಪಂದ್ಯ ಗೆದ್ದದ್ದು ಮಾತ್ರ ಬಾಸ್ಟನ್, 135–131ರಿಂದ. ಮುಂದಿನ ಋತುವಿನಲ್ಲಿ ಅವರ ಸರಾಸರಿ ಪಂದ್ಯಕ್ಕೆ 37 ಅಂಕ ಮುಟ್ಟಿತು. ಬುಲ್ಸ್ ಪ್ಲೇಆಫ್‌ನ ಮೊದಲ ಸುತ್ತಿನಲ್ಲೇ ಹೊರಬಿತ್ತು. ಜೋರ್ಡನ್ ಅವರ ಈ ಬಗೆಯ ಆಟವನ್ನು ಸ್ವಾರ್ಥ ಎಂದು ಕರೆಯಲು ನನಗೆ ಮನಸ್ಸಿಲ್ಲ. ಹೆಚ್ಚು ಸಲ ಚೆಂಡೆಸೆಯುವುದು ಸ್ವಾರ್ಥವಲ್ಲ. ಜೊತೆಗಾರ ಬಿಡುವಾಗಿ ನಿಂತಿದ್ದಾನೆ ಎಂದು ಕಂಡೂ ಕೊಡದಿರುವುದು ಸ್ವಾರ್ಥ.

ಈಗ 1997ರ ಜೂನ್ 13ಕ್ಕೆ ಬನ್ನಿ. ಯೂಟಾ ಜಾಝ್ ಎದುರು ಫೈನಲ್ ಸರಣಿಯ ಆರನೇ ಪಂದ್ಯ, ಅಂಕ 86–86. ಟೈಮ್‌ಔಟ್‌ನಲ್ಲಿ ಕುಳಿತಾಗಲೇ ಜೋರ್ಡನ್, ಯೂಟಾದ ಜಾನ್ ಸ್ಟಾಕ್ಟನ್ ತಮ್ಮತ್ತ ನುಗ್ಗಿ ಬರಬಹುದು, ಸಿದ್ಧನಾಗಿರು ಎಂದು ತಂಡದ ಜೊತೆಗಾರ ಸ್ಟೀವ್ ಕೆರ್‌ಗೆ ಸೂಚಿಸಿದ್ದರು. ಹಾಗೇ ಆಯಿತು. ಜೋರ್ಡನ್ ಬುಟ್ಟಿಯತ್ತ ಹೆಜ್ಜೆಯಿಟ್ಟರು, ಕೆರ್ ಅವರನ್ನು ಕಾಯಬೇಕಿದ್ದ ಸ್ಟಾಕ್ಟನ್ ಓಡಿಬಂದರು. ಆ ರಾತ್ರಿ 39 ಅಂಕ ಗಳಿಸಿದ್ದ ಕೈ ಚೆಂಡನ್ನು ಬಿಟ್ಟುಕೊಟ್ಟಿತು. ಫ್ರೀ ಥ್ರೋ ಗೆರೆಯ ಬಳಿ ನಿಂತಿದ್ದ ಕೆರ್ ಹಿಡಿದರು, ತಡಮಾಡದೆ ಎಸೆದರು, ಚೆಂಡು ಬುಟ್ಟಿ ಸೇರಿತು. ಉಳಿದದ್ದು ಐದು ಸೆಕೆಂಡು. ಬುಲ್ಸ್ 90–86ರಿಂದ ಗೆದ್ದು ಐದನೇ ಸಲ ಚಾಂಪಿಯನ್ ಆಯಿತು.

ಈ ಪಾಸ್ ಅನ್ನು ಜೋರ್ಡನ್ ಅವರ ದೊಡ್ಡ ಮನಸ್ಸು ಎಂದು ಹೊಗಳಿ ಸುಮ್ಮನಾಗಬಾರದು. ತಾವೇ ಎಸೆಯುತ್ತಾರೆ ಎಂಬ ಭಯವನ್ನು ಹನ್ನೆರಡು ವರ್ಷಗಳಿಂದ ಎದುರಾಳಿಗಳಲ್ಲಿ ಬೆಳೆಸಿದ್ದರಿಂದಲೇ ಇಬ್ಬರು ಅವರ ಮೇಲೆ ಬಿದ್ದರು, ಒಬ್ಬ ಬಿಡುವಾದ. ಅಂಕದ ಹಸಿವೂ ಹಂಚುವ ಬುದ್ಧಿಯೂ ಅಲ್ಲಿ ಒಂದೇ ಕೈಯಲ್ಲಿ ಕೂಡಿದ್ದವು. ಕೆರ್ ಅವರ ಪಾಲೂ ಸಣ್ಣದಲ್ಲ: ಚೆಂಡು ಹೆಚ್ಚು ಹೊತ್ತು ಬೇರೆಯವರ ಕೈಯಲ್ಲಿರುವಾಗ, ಒಂದು ಎಸೆತಕ್ಕಾಗಿ ಕೈ ಬಿಸಿಯಾಗಿಟ್ಟುಕೊಳ್ಳುವುದು ಸುಲಭವಲ್ಲ.

ಜೋರ್ಡನ್ ಕೊಟ್ಟಂಥ, ಬುಟ್ಟಿಗೆ ಮುಂಚಿನ ಕೊನೆಯ ಪಾಸ್‌ಗೆ ಅಸಿಸ್ಟ್ ಎಂಬ ಲೆಕ್ಕವಿದೆ. ಅದಕ್ಕೂ ಹಿಂದಿನ ಪಾಸ್, ಹಲವು ಸಲ ರಕ್ಷಣೆಯನ್ನು ನಿಜವಾಗಿ ಒಡೆದ ಪಾಸ್, ಸಾಮಾನ್ಯ ಸ್ಕೋರ್ ಪುಸ್ತಕಕ್ಕೆ ಹತ್ತುವುದೇ ಇಲ್ಲ. ಶಾಲೆ, ಕ್ಲಬ್ಬುಗಳಲ್ಲಿ ಮಕ್ಕಳನ್ನು ತಯಾರು ಮಾಡುವ ತರಬೇತುದಾರರಲ್ಲಿ ನನ್ನದೊಂದು ಕೋರಿಕೆ: ಪಂದ್ಯ ಮುಗಿದ ಮೇಲೆ ಆ ಪಾಸ್ ಕೊಟ್ಟ ಹುಡುಗನ, ಹುಡುಗಿಯ ಹೆಸರನ್ನೂ ಎಲ್ಲರೆದುರು ಹೇಳಿ.