ಮೂಲೆಯಿಂದ ಮೂಲೆಗೆ

ಉದ್ದವನ್ನು ಅಗಲದಿಂದ ಗುಣಿಸಿದರೆ ಆಯತದ ಕ್ಷೇತ್ರಫಲ ಬರುತ್ತದೆಂಬುದನ್ನು ಪ್ರಾಥಮಿಕ ಶಾಲೆಯ ಮಕ್ಕಳೂ ಬಲ್ಲರು. 40 ಅಡಿ ಉದ್ದ, 30 ಅಡಿ ಅಗಲದ ನಿವೇಶನವೆಂದರೆ 1,200 ಚದರಡಿ. ಇಷ್ಟನ್ನು ಹೇಳಲು ಆಕಾಶವಾಣಿಯ ಹೊತ್ತು ಬೇಕೆ, ಅದರಲ್ಲೂ ಕನ್ನಡ ಪಂಡಿತನೊಬ್ಬನಿಗೆ ಈ ಉಸಾಬರಿ ಏಕೆ ಎಂದು ತಾವು ಕೇಳಬಹುದು. ಹೊಯ್ಸಳರ ಕಾಲದ ರಾಜಾದಿತ್ಯ ಕವಿ ‘ವ್ಯವಹಾರಗಣಿತ’, ‘ಕ್ಷೇತ್ರಗಣಿತ’ಗಳನ್ನು ಕನ್ನಡದಲ್ಲೇ ಬರೆದ. ಆ ಧೈರ್ಯದಿಂದ ನಾನೂ ಮಾತನಾಡುತ್ತೇನೆ.

ಅರಕಲಗೂಡು ಕಡೆಯ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಹಾಸನದಲ್ಲಿ ನಿವೇಶನ ಕೊಳ್ಳಲು ಹೊರಟಿದ್ದ. ಕ್ರಯಪತ್ರದ ಕರಡಿನಲ್ಲಿದ್ದ ಚಕ್ಕುಬಂದಿಯ ಭಾಷೆ ಸರಿಯಿದೆಯೇ ನೋಡಿ ಎಂದು ತಂದುಕೊಟ್ಟ. ಭಾಷೆ ಸರಿಯಾಗಿಯೇ ಇತ್ತು. “ಅಳತೆ ಮಾಡಿದೆಯೇನಪ್ಪ?” ಎಂದೆ. “ನಾಲ್ಕು ಬದಿಯನ್ನೂ ನಾನೇ ಟೇಪು ಹಿಡಿದು ಅಳೆದಿದ್ದೇನೆ ಸಾರ್, ಒಂದಂಗುಲವೂ ವ್ಯತ್ಯಾಸವಿಲ್ಲ” ಎಂದ. “ಮೂಲೆಯಿಂದ ಮೂಲೆಗೆ?” ಎಂದೆ. ಹುಡುಗ ಸುಮ್ಮನಾದ.

ನಾಲ್ಕು ಪಟ್ಟಿಗಳನ್ನು ಮೊಳೆ ಹೊಡೆದು ಚೌಕಟ್ಟು ಮಾಡಿ. ಮೊಳೆ ಸಡಿಲವಾದರೆ ಅದು ಒಂದು ಕಡೆಗೆ ವಾಲುತ್ತದೆ. ಬದಿಗಳ ಅಳತೆ ಹಾಗೆಯೇ ಇರುತ್ತದೆ, ಒಳಗಿನ ಜಾಗ ಮಾತ್ರ ಕುಗ್ಗುತ್ತದೆ. ಇನ್ನೂ ವಾಲಿಸುತ್ತ ಹೋದರೆ ಪಟ್ಟಿಗಳು ಒಂದರ ಮೇಲೊಂದು ಮಲಗಿ ಜಾಗವೇ ಉಳಿಯದು. ಬದಿಗಳನ್ನು ಗುಣಿಸುವ ಸೂತ್ರ ನಿಲ್ಲುವುದು ಮೂಲೆಗಳು ನೇರವಾಗಿದ್ದರೆ ಮಾತ್ರ.

30-40ರ ನಿವೇಶನದಲ್ಲಿ ಇದನ್ನು ಪರೀಕ್ಷಿಸುವುದು ಬಹಳ ಸುಲಭ. ಮೂಲೆಯಿಂದ ಎದುರು ಮೂಲೆಗೆ ಸರಿಯಾಗಿ 50 ಅಡಿ ಬರಬೇಕು. ಗಾರೆ ಕೆಲಸದವರು ಪಾಯ ಗುರುತಿಸುವಾಗ ಮೂರು, ನಾಲ್ಕು, ಐದರ ಲೆಕ್ಕದಲ್ಲಿ ಮೂಲೆಮಟ್ಟ ಹಿಡಿಯುವುದೂ ಇದನ್ನೇ. ನಮ್ಮ ಹುಡುಗ ಮತ್ತೆ ಹೋಗಿ ಅಳೆದ. ಒಂದು ಕರ್ಣ 56 ಅಡಿ 4 ಅಂಗುಲ, ಇನ್ನೊಂದು 42 ಅಡಿ 9 ಅಂಗುಲ! ಉದ್ದದ ಬದಿಗೆ ಲಂಬವಾಗಿ ಅಳೆದರೆ ಅಗಲ 30 ಅಡಿಯಲ್ಲ, 28.8 ಅಡಿ. ಅಂದರೆ ಇರುವ ಜಾಗ 1,152 ಚದರಡಿ. ಕಡಿಮೆ ಬಿದ್ದದ್ದು 48 ಚದರಡಿ, ಎಂಟಡಿ ಆರಡಿಯ ಒಂದು ಬಚ್ಚಲುಮನೆ. ಮಾರುವವರು ಮೋಸಗಾರರೇನಲ್ಲ, ಅವರೂ ಬದಿಗಳನ್ನಷ್ಟೇ ಅಳೆದಿದ್ದರು. ನೋಂದಣಿಗೆ ಮುಂಚೆಯೇ ಗೊತ್ತಾದ್ದರಿಂದ ಬೆಲೆ ಇಳಿಸಿಕೊಟ್ಟರು.

ಹೊಲಗದ್ದೆಗಳಲ್ಲಿ ಈ ತೊಡಕು ಇನ್ನೂ ಹೆಚ್ಚು. ಹೊಳೆನರಸೀಪುರದ ಬಳಿ ಹೇಮಾವತಿಯ ದಂಡೆಯ ಗದ್ದೆ ಆಯತವಾಗಿರಬೇಕೆಂದು ಹೊಳೆಗೇನು ಹರಕೆಯೇ? ಎದುರುಬದುರು ಬದಿಗಳ ಸರಾಸರಿ ತೆಗೆದು ಗುಣಿಸುವ ಪದ್ಧತಿ ಹಳೆಯದು. ನೃಪತುಂಗನ ಕಾಲದ ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ದಲ್ಲಿ ಅದನ್ನು ಹೇಳಿದ್ದಾನೆ. ಆದರೆ ಸ್ಥೂಲವಾದ ಲೆಕ್ಕ ಬೇರೆ, ಸೂಕ್ಷ್ಮವಾದ ಲೆಕ್ಕ ಬೇರೆ ಎಂದು ವಿಂಗಡಿಸಿಯೇ ಹೇಳಿದ್ದಾನೆ. ಜನ ಸ್ಥೂಲವನ್ನು ಹಿಡಿದುಕೊಂಡು ವಿಂಗಡಣೆಯನ್ನು ಮರೆತರು. ಈ ಸರಾಸರಿಯ ಲೆಕ್ಕ ನಿಜವಾದ ವಿಸ್ತೀರ್ಣಕ್ಕಿಂತ ಎಂದೂ ಕಡಿಮೆ ತೋರಿಸದು, ಹೆಚ್ಚನ್ನೇ ತೋರಿಸೀತು. ಆದ್ದರಿಂದ ನಷ್ಟ ಯಾವಾಗಲೂ ಕೊಳ್ಳುವವನಿಗೆ. ಮೋಜಣಿದಾರರು ಜಮೀನನ್ನು ಮುಕ್ಕೋನಗಳಾಗಿ ಒಡೆದು ಅಳೆಯುವುದು ಇದಕ್ಕಾಗಿಯೇ. ಮೂರು ಬದಿ ಗೊತ್ತಾದರೆ ಮುಕ್ಕೋನ ವಾಲಲಾರದು.

ಇನ್ನು ಅಣ್ಣತಮ್ಮಂದಿರ ಪಾಲಿನ ಮಾತು. 33 ಅಡಿಗೆ 33 ಅಡಿ ಒಂದು ಗುಂಟೆ, ನಲವತ್ತು ಗುಂಟೆ ಒಂದು ಎಕರೆ. ಚನ್ನರಾಯಪಟ್ಟಣದ ಕಡೆ ತೆಂಗಿನ ತೋಟವನ್ನು ಪಾಲು ಮಾಡುತ್ತಾರೆನ್ನಿ. ಅಣ್ಣನಿಗೆ 99 ಅಡಿಯ ಚೌಕ, ತಮ್ಮನಿಗೆ 165 ಅಡಿ ಉದ್ದ, 33 ಅಡಿ ಅಗಲದ ಪಟ್ಟಿ. ಸುತ್ತ ಬೇಲಿಯ ತಂತಿ ಇಬ್ಬರಿಗೂ 396 ಅಡಿಯೇ. ತಂತಿ ಸಮವಾದ್ದರಿಂದ ಪಾಲೂ ಸಮವೆಂದು ಪಂಚಾಯಿತಿಯ ಹಿರಿಯರು ತಲೆದೂಗಿದರೆ ಕೆಟ್ಟಿತು. ಅಣ್ಣನದು ಒಂಬತ್ತು ಗುಂಟೆ, ತಮ್ಮನದು ಐದೇ ಗುಂಟೆ.

ತಮ್ಮ ಮನೆಯ ಪತ್ರ ಪೆಟ್ಟಿಗೆಯಲ್ಲಿದ್ದರೆ ಈ ಭಾನುವಾರ ತೆಗೆದು ನೋಡಿ. ಟೇಪಿನ ಒಂದು ತುದಿಯನ್ನು ಮಕ್ಕಳ ಕೈಗೆ ಕೊಡಿ. ಮನೆ ಕಟ್ಟಿ ಆಗಿದ್ದರೆ ನಡುವೆ ಗೋಡೆ ಅಡ್ಡ ಬರುತ್ತದೆ, ಆಗ ಅಂಗಳದ ಮೂಲೆಯಲ್ಲಿ ಒಂದು ಬದಿಗೆ ಮೂರಡಿ, ಇನ್ನೊಂದು ಬದಿಗೆ ನಾಲ್ಕಡಿ ಗುರುತು ಮಾಡಿ, ಎರಡು ಗುರುತುಗಳ ನಡುವೆ ಐದಡಿ ಇದೆಯೇ ನೋಡಿದರಾಯಿತು.