ವಿಕಲಚೇತನ ಶಿಶುಗಳ ಪೋಷಣವೂ ತಾಯ್ತಂದೆಗಳ ಕಳವಳವೂ
(ಉಪನ್ಯಾಸ)



ಶಿಶುವಿನ ಕಾಲವು ದೊಡ್ಡವರ ಕಾಲದಂತಲ್ಲ. ನಲವತ್ತು ವರ್ಷದವನಿಗೆ ಮೂರು ತಿಂಗಳೆಂದರೆ ಒಂದು ಬೆಳೆ ಬಂದುಹೋಗುವ ಅವಧಿ; ಎರಡು ವರ್ಷದ ಕೂಸಿಗಾದರೋ ಅದು ಅಲ್ಲಿಯವರೆಗಿನ ಆಯುಷ್ಯದ ಎಂಟನೆಯ ಒಂದು ಪಾಲು. ಕಿವಿಯಿಂದ ಕೇಳಿ ನಾಲಗೆಯಿಂದ ನುಡಿಯಲು ಕಲಿಯತಕ್ಕ ಕಾಲವೂ ಅದೇ ಆಗಿರುವುದು. ಆದಕಾರಣ, ಕರೆದರೆ ತಿರುಗಿ ನೋಡದ, ವರ್ಷ ಎರಡಾದರೂ ನಿಲ್ಲಲಾರದ ಮಗುವನ್ನು ಹೆತ್ತವರಿಗೆ ಸರಕಾರದ ನಿಯಮಗಳಲ್ಲಿ ಆಗುವ ಒಂದೊಂದು ವ್ಯತ್ಯಾಸವೂ ನಿದ್ರೆಗೆಡಿಸುವ ಸಂಗತಿಯಾಗುವುದು.

೧೯೯೫ರ ಶಾಸನವು ಏಳು ಬಗೆಯ ವೈಕಲ್ಯಗಳನ್ನು ಮಾತ್ರ ಗಣಿಸಿತ್ತು. ೨೦೧೬ರ ಶಾಸನವು ಅವುಗಳನ್ನು ಇಪ್ಪತ್ತೊಂದಕ್ಕೆ ಏರಿಸಿ, ಆಟಿಸಂ ಮೊದಲಾದವನ್ನೂ ಸೇರಿಸಿತು. ವರ್ಷಕ್ಕೊಮ್ಮೆಯಾದರೂ ಎಲ್ಲ ಮಕ್ಕಳನ್ನು ಪರೀಕ್ಷಿಸತಕ್ಕದ್ದೆಂದೂ ವಿಧಿಸಿತು. ಇದು ಮಹದುಪಕಾರವೇ ಸರಿ. ಆದರೆ ಅದೇ ಶಾಸನದಲ್ಲಿ ಉಚಿತ ಶಿಕ್ಷಣದ ಹಕ್ಕು ಆರರಿಂದ ಹದಿನೆಂಟು ವಯಸ್ಸಿನವರಿಗೆ; ಅದೂ ಶೇಕಡಾ ನಲವತ್ತಕ್ಕೆ ಕಡಿಮೆಯಿಲ್ಲದ ವೈಕಲ್ಯವಿದ್ದವರಿಗೆ. “ಆರು ತುಂಬುವವರೆಗೆ ಏನು ಮಾಡಲಿ?” ಎಂದು ತಾಯಿ ಕೇಳಿದರೆ ಅದು ತಂಟೆಯ ಪ್ರಶ್ನೆಯಲ್ಲ.

ಉತ್ತರವಿಲ್ಲವೆಂದಲ್ಲ. ೨೦೧೩ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲಸ್ವಾಸ್ಥ್ಯ ಕಾರ್ಯಕ್ರಮದಂತೆ ವೈದ್ಯರ ತಂಡವು ಅಂಗನವಾಡಿಯ ಮಕ್ಕಳನ್ನು ವರ್ಷಕ್ಕೆರಡು ಬಾರಿ ನೋಡಬೇಕು; ಸಂಶಯ ಕಂಡವರನ್ನು ಜಿಲ್ಲೆಯ ಶೀಘ್ರ ಚಿಕಿತ್ಸಾ ಕೇಂದ್ರಕ್ಕೆ ಕಳುಹಬೇಕು. ೨೦೨೩ರಲ್ಲಿ ಇಂಥ ಮಕ್ಕಳಿಗಾಗಿಯೇ ಅಂಗನವಾಡಿಗಳಿಗೆ ಒಂದು ಕ್ರಮವೂ ಪ್ರಕಟವಾಯಿತು. ಆದರೆ ಜಿಲ್ಲೆಯ ಕೇಂದ್ರವು ಹಳ್ಳಿಯ ಹೊಸ್ತಿಲಲ್ಲಿಲ್ಲ. ಮಗುವನ್ನು ಕಂಕುಳಲ್ಲಿಟ್ಟು ಮೋಟಾರು ಹತ್ತಿದ ದಿನ ಕೂಲಿಯೂ ಹೋಯಿತು, ಹಿರಿಯ ಮಗುವಿನ ಊಟವೂ ನೆರೆಮನೆಯ ಪಾಲಾಯಿತು. ವಾರವಾರವೂ ಬನ್ನಿರೆಂದು ಹೇಳುವುದು ಸುಲಭ!

ಇನ್ನು ಪ್ರಮಾಣಪತ್ರದ ಮಾತು. ೨೦೧೮ರ ನಿಯಮಗಳಂತೆ, ಬುದ್ಧಿಯ ಬೆಳವಣಿಗೆ ಕುಂಠಿತವಾದ ಮಗುವಿಗೆ ಐದು ವರ್ಷ ತುಂಬುವ ಮೊದಲು ಸಿಗುತ್ತಿದ್ದುದು ತಾತ್ಕಾಲಿಕ ಪತ್ರವು. ಐದಾದ ಮೇಲೆ ಮತ್ತೆ ಪರೀಕ್ಷೆ. ಎಳೆಯ ಮಗುವಿಗೆ ಕಾಯಂ ಮುದ್ರೆ ಒತ್ತದಿರುವುದು ವೈದ್ಯದೃಷ್ಟಿಯಿಂದ ವಿವೇಕವೇ. ಹೆತ್ತವರ ಅಂಜಿಕೆ ಬೇರೆ: ಮಗು ಸ್ವಲ್ಪ ಚೇತರಿಸಿಕೊಂಡರೆ ಅಂಕವು ನಲವತ್ತರ ಕೆಳಗಿಳಿದು, ಚೇತರಿಕೆಗೆ ಕಾರಣವಾದ ಸಹಾಯವೇ ನಿಂತುಹೋದೀತೇ ಎಂದು. ಮಗು ನಾಲ್ಕು ಹೆಜ್ಜೆಯಿಟ್ಟರೆ ಹಿಗ್ಗಬೇಕಾದ ತಾಯಿ ಆ ಹಿಗ್ಗಿನೊಳಗೇ ಹೆದರುವಂತಾಗುವುದು.

ಇದರ ಮೇಲೆ ೨೦೨೪ರ ಅಕ್ಟೋಬರದ ತಿದ್ದುಪಡಿ. ಅರ್ಜಿ ಬಂದ ಒಂದು ತಿಂಗಳೊಳಗೆ ಪ್ರಮಾಣಪತ್ರ ಕೊಡಬೇಕೆಂದಿದ್ದ ಅವಧಿಯು ಮೂರು ತಿಂಗಳಾಯಿತು. ಗುರುತಿನ ಚೀಟಿಗೆ ವೈಕಲ್ಯದ ಪ್ರಮಾಣದಂತೆ ಬಿಳಿ, ಹಳದಿ, ನೀಲಿಯೆಂದು ಬಣ್ಣಗಳೂ ಗೊತ್ತಾದುವು. ಬಣ್ಣದ ಸಂಗತಿ ಇರಲಿ. ಪರೀಕ್ಷಿಸುವ ವೈದ್ಯರು ವಿರಳರೆಂಬುದು ನಿಜ. ಅವಸರದ ಪರೀಕ್ಷೆಯಲ್ಲಿ ತಪ್ಪಾಗಬಹುದೆಂಬುದೂ ನಿಜ. ಆದರೂ ಹಣ್ಣಾದ ದೇಹಕ್ಕೂ ಚಿಗುರುವ ದೇಹಕ್ಕೂ ಒಂದೇ ಅಳತೆಯ ಅವಧಿಯನ್ನು ಇಟ್ಟದ್ದು ಯುಕ್ತವೆನಿಸುವುದಿಲ್ಲ. ಆರು ವರ್ಷದೊಳಗಿನ ಮಕ್ಕಳ ಅರ್ಜಿಗಳನ್ನಾದರೂ ಪ್ರತ್ಯೇಕವಾಗಿಟ್ಟು ಹಿಂದಿನ ಒಂದು ತಿಂಗಳಲ್ಲೇ ತೀರಿಸಬಹುದಾಗಿತ್ತು.

ನಮ್ಮ ನಾಡಿನ ಗ್ರಾಮಪಂಚಾಯತಿಗಳಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿರುವರೆಂಬುದು ಅನೇಕ ತಾಯ್ತಂದೆಗಳಿಗೆ ತಿಳಿಯದು. ಅರ್ಜಿಯನ್ನು ತುಂಬಿಸುವ ಕೆಲಸವು ಅವರದು. ಓದುಬಲ್ಲ ಭಕ್ತರು ತಮ್ಮ ಓಣಿಯ ಅಂಥ ಮನೆಯೊಂದಕ್ಕೆ ಹೋಗಿ, ಪತ್ರದ ಅವಧಿ ಎಂದು ಮುಗಿಯುವುದೆಂಬುದನ್ನು ಓದಿ ಹೇಳಿ, ಆ ದಿನಕ್ಕೆ ಮುಂಚೆಯೇ ತಾಯಿಯನ್ನು ಪಂಚಾಯತಿಗೆ ಕರೆದೊಯ್ಯಬಹುದು. “ಬೇಗ ಆಗುತ್ತದೆಯೇನು, ಅಪ್ಪಾ?” ಎಂದು ಆಕೆ ದಾರಿಯಲ್ಲಿ ಕೇಳಿಯೇ ಕೇಳುವಳು.