ಸಹಿ ಯಾರದು, ಹೊಣೆ ಯಾರದು?

(ಹರ್ತಿಯ ಗ್ರಾಮಸ್ಥರ ಸಭೆಯಲ್ಲಿ ಮಾಡಿದ ಭಾಷಣ)



ಶ್ರೀ ಬಸವೇಶ್ವರನ ಸನ್ನಿಧಾನವಿರುವ ಈ ಗ್ರಾಮದಲ್ಲಿ ರಾಜ್ಯಕಾರಭಾರದ ವಿಷಯವಾಗಿ ನಾಲ್ಕು ಮಾತುಗಳನ್ನಾಡುವ ಸುಯೋಗವನ್ನು ಒದಗಿಸಿದುದಕ್ಕಾಗಿ ನಾವು ನಿಮಗೆ ಋಣಿಗಳಾಗಿದ್ದೇವೆ. ‘ದಿಲ್ಲಿಯ ಸರಕಾರ’ ಎಂಬ ಮಾತನ್ನು ನಾವೆಲ್ಲರೂ ನಿತ್ಯವೂ ಆಡುತ್ತೇವೆ. ಆದರೆ ಆ ಸರಕಾರವೆಂದರೆ ಯಾರು? ಆಜ್ಞೆಗೆ ಸಹಿ ಹಾಕುವವರು ಯಾರು, ನಿರ್ಣಯಿಸುವವರು ಯಾರು, ತಪ್ಪಿದಲ್ಲಿ ಉತ್ತರ ಕೊಡತಕ್ಕವರು ಯಾರು? ಇದನ್ನರಿಯದವನ ಅರ್ಜಿಯು ವಿಳಾಸವಿಲ್ಲದ ಕಾಗದದಂತೆ ಎಲ್ಲಿಯೂ ಮುಟ್ಟಲಾರದು.

ಹಿಂದಿನ ಕಾಲದಲ್ಲಿ ಈ ಪ್ರಶ್ನೆಗೆ ಉತ್ತರವು ಸುಲಭವಾಗಿದ್ದಿತು; ಸುಖಕರವಾಗಿರಲಿಲ್ಲ. ೧೯೪೮ನೆಯ ಇಸವಿಯಲ್ಲಿ ಸಂಸ್ಥಾನಗಳು ವಿಲೀನವಾಗುವವರೆಗೆ ಗದಗು ಮುಂಬಯಿ ಪ್ರಾಂತದಲ್ಲಿದ್ದಿತು, ಶಿರಹಟ್ಟಿಯು ಸಾಂಗಲಿ ಸಂಸ್ಥಾನದಲ್ಲಿ, ಲಕ್ಷ್ಮೇಶ್ವರವು ಮಿರಜ ಸಂಸ್ಥಾನದಲ್ಲಿ. ಮೂಡಲಕ್ಕೆ ಸಾಗಿದರೆ ಕೊಪ್ಪಳವು ನಿಜಾಮರ ಸೀಮೆ. ಒಂದೇ ನುಡಿಯನ್ನಾಡಿ ಒಂದೇ ಸಂತೆಗೆ ಕೂಡುವ ಜನರಿಗೆ ನಾಲ್ಕು ದೊರೆತನಗಳು! ಎಲ್ಲೆಡೆಯಲ್ಲಿಯೂ ಕಟ್ಟಕಡೆಯ ಮಾತು ಮೇಲಿನವರದೇ, ನಮ್ಮದಲ್ಲ. ೧೯೫೦ನೆಯ ಜನವರಿ ೨೬ರಂದು ಆ ಒಡೆತನವು ಪ್ರಜೆಗಳಿಗೆ ಬಂದಿತು. ಆದರೆ ಕೋಟ್ಯವಧಿ ಒಡೆಯರು ತಾವೇ ದಿನದಿನದ ಕಾರಭಾರವನ್ನು ನಡೆಸುವುದೆಂತು? ಅದಕ್ಕಾಗಿಯೇ ಸಂವಿಧಾನವು ಒಂದು ವ್ಯವಸ್ಥೆಯನ್ನು ಮಾಡಿದೆ.

ಆ ವ್ಯವಸ್ಥೆಯ ತಿರುಳು ಮೂರು ವಿಧಿಗಳಲ್ಲಿ ಅಡಗಿದೆ. ೫೩ನೆಯ ವಿಧಿಯು ಕೇಂದ್ರದ ಕಾರ್ಯಾಂಗದ ಅಧಿಕಾರವನ್ನು ರಾಷ್ಟ್ರಪತಿಗಳಲ್ಲಿ ಇರಿಸುತ್ತದೆ. ಆದುದರಿಂದ ಸರಕಾರದ ಆಜ್ಞೆಗಳೆಲ್ಲವೂ ಅವರ ಹೆಸರಿನಲ್ಲಿಯೇ ಹೊರಡುತ್ತವೆ. ೭೪ನೆಯ ವಿಧಿಯಂತೆ ಅವರು ಪ್ರಧಾನಮಂತ್ರಿಗಳ ನೇತೃತ್ವದ ಮಂತ್ರಿಮಂಡಲದ ಸಲಹೆಯ ಮೇರೆಗೆ ನಡೆಯತಕ್ಕದ್ದು. ೭೫ನೆಯ ವಿಧಿಯಂತೆ ಆ ಮಂತ್ರಿಮಂಡಲವು ಒಟ್ಟಾಗಿ ಲೋಕಸಭೆಗೆ ಹೊಣೆಯಾಗಿದೆ. ಅಮೇರಿಕದ ಅಧ್ಯಕ್ಷರು ನಾಲ್ಕು ವರುಷಗಳಿಗಾಗಿ ಆರಿಸಿ ಬಂದವರು. ಶಾಸನಸಭೆಯು ಅವರಲ್ಲಿ ಅವಿಶ್ವಾಸ ತಾಳಿದ ಮಾತ್ರಕ್ಕೆ ಅವರು ಕೆಳಗಿಳಿಯಬೇಕಾಗಿಲ್ಲ. ನಮ್ಮ ಪ್ರಧಾನಮಂತ್ರಿಗಳಿಗಾದರೋ ಲೋಕಸಭೆಯ ವಿಶ್ವಾಸವು ತಪ್ಪಿದರೆ ಪದವಿಯೂ ತಪ್ಪಿತು.

ಇದು ಬರಿಯ ಪುಸ್ತಕದ ಮಾತಲ್ಲ. ಕನ್ನಡಿಗರಿಬ್ಬರ ಬಾಳಿನಲ್ಲಿ ಇದು ಪರೀಕ್ಷೆಗೆ ಒಳಗಾಗಿದೆ. ಜಮಖಂಡಿಯ ಬಳಿಯ ಸಾವಳಗಿಯಲ್ಲಿ ಜನಿಸಿದ ಶ್ರೀ ಬಿ. ಡಿ. ಜತ್ತಿಯವರು ಉಪರಾಷ್ಟ್ರಪತಿಗಳಾಗಿದ್ದರು. ೧೯೭೭ನೆಯ ಫೆಬ್ರುವರಿ ೧೧ರಂದು ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹಮದರು ತೀರಿಕೊಳ್ಳಲು, ಆ ಸ್ಥಾನದ ಭಾರವು ಜತ್ತಿಯವರ ಮೇಲೆ ಬಿದ್ದಿತು. ಮುಂದೆ ಏಪ್ರಿಲದಲ್ಲಿ ಮೊರಾರ್ಜಿ ದೇಸಾಯಿಯವರ ಮಂತ್ರಿಮಂಡಲವು ಒಂಬತ್ತು ರಾಜ್ಯಗಳ ವಿಧಾನಸಭೆಗಳನ್ನು ವಿಸರ್ಜಿಸಬೇಕೆಂದು ಅವರಿಗೆ ಸಲಹೆಯಿತ್ತಿತು. ಜತ್ತಿಯವರು ಒಡನೆಯೇ ಒಪ್ಪಲಿಲ್ಲ. ಅವರ ಲೇಖನಿಯು ತಡೆಯಿತು. ದೇಶವೆಲ್ಲವೂ ದಿಲ್ಲಿಯತ್ತ ಕಣ್ಣಿಟ್ಟು ನಿಂತಿತು. ಕೊನೆಗೆ ಏಪ್ರಿಲ ೩೦ರಂದು ಅವರು ಸಹಿ ಹಾಕಿದರು. ಆ ನಿರ್ಣಯವು ನ್ಯಾಯವೇ ಅಲ್ಲವೇ ಎಂಬ ವಾದವು ಬೇರೆ. ನಾವು ಗಮನಿಸತಕ್ಕುದು ಇಷ್ಟು: ಸಹಿಯು ಜತ್ತಿಯವರದು, ನಿರ್ಣಯವೂ ಅದರ ಹೊಣೆಯೂ ಮಂತ್ರಿಮಂಡಲದವು. ಸಲಹೆಯನ್ನು ಮರುವಿಚಾರಕ್ಕಾಗಿ ಒಮ್ಮೆ ಹಿಂದಿರುಗಿಸುವ ಸ್ಪಷ್ಟವಾದ ಅಧಿಕಾರವು ರಾಷ್ಟ್ರಪತಿಗಳಿಗೆ ದೊರೆತದ್ದು ೧೯೭೮ರ ೪೪ನೆಯ ತಿದ್ದುಪಡಿಯಿಂದ. ಮರಳಿ ಅದೇ ಸಲಹೆ ಬಂದರೆ ಅದರಂತೆ ನಡೆಯಲೇಬೇಕು.

ಇನ್ನು ಎರಡನೆಯವರು ಹಾಸನ ಜಿಲ್ಲೆಯ ಹರದನಹಳ್ಳಿಯ ರೈತನ ಮಗನಾದ ಶ್ರೀ ಎಚ್. ಡಿ. ದೇವೇಗೌಡರು. ೧೯೯೬ನೆಯ ಜೂನ ೧ರಂದು ಪ್ರಧಾನಮಂತ್ರಿಗಳಾದಾಗ ಅವರು ಪಾರ್ಲಿಮೆಂಟಿನ ಸದಸ್ಯರಾಗಿರಲಿಲ್ಲ. ಆರು ತಿಂಗಳೊಳಗೆ ಸದಸ್ಯರಾಗಬೇಕೆಂಬ ನಿಯಮದಂತೆ ರಾಜ್ಯಸಭೆಗೆ ಆರಿಸಿ ಬಂದರು. ಹೊರಗಿನಿಂದ ಆಸರೆಯಿತ್ತಿದ್ದ ಕಾಂಗ್ರೆಸ್ ಪಕ್ಷವು ಕೈ ಬಿಡಲು, ೧೯೯೭ನೆಯ ಏಪ್ರಿಲ ೧೧ರಂದು ಲೋಕಸಭೆಯ ವಿಶ್ವಾಸಮತದಲ್ಲಿ ಸೋತು ರಾಜೀನಾಮೆಯನ್ನಿತ್ತರು. ಕನ್ನಡಿಗರಾದ ನಮಗೆ ಅಂದು ವ್ಯಥೆಯಾದುದು ನಿಜ. ಆದರೂ ಒಂದು ಗುಂಡಿನ ಸದ್ದೂ ಇಲ್ಲದೆ, ಕೇವಲ ಎಣಿಕೆಯಿಂದ ರಾಷ್ಟ್ರದ ಅಧಿಕಾರವು ಕೈ ಬದಲಿಸಿದುದನ್ನು ಕಂಡು ನಾವು ಈ ಪದ್ಧತಿಯನ್ನು ಗೌರವಿಸಬೇಕು.

ಈಗ ನಮ್ಮ ನಾಡಿನ ಮಾತಿಗೆ ಬರೋಣ. ಕನ್ನಡ ನಾಡು ಒಂದಾದುದು ಹಾರೈಕೆಯೊಂದರಿಂದಲೇ ಅಲ್ಲ. ಆಲೂರ ವೆಂಕಟರಾಯರಂಥವರು ಜನರನ್ನು ಎಚ್ಚರಿಸಿದರು. ಜಕ್ಕಲಿಯ ಅಂದಾನಪ್ಪ ದೊಡ್ಡಮೇಟಿಯವರು ಹೋರಾಡಿದರು. ೧೯೫೩ರಲ್ಲಿ ಅದರಗುಂಚಿಯ ಶಂಕರಗೌಡರು ಉಪವಾಸ ಕೈಕೊಂಡರು. ಆದರೆ ಮೂರನೆಯ ವಿಧಿಯಂತೆ ರಾಜ್ಯದ ಗಡಿಯನ್ನು ಬದಲಿಸುವ ಮಸೂದೆಯನ್ನು ರಾಷ್ಟ್ರಪತಿಗಳ ಶಿಫಾರಸಿಲ್ಲದೆ ಪಾರ್ಲಿಮೆಂಟಿನಲ್ಲಿ ಮಂಡಿಸುವಂತಿಲ್ಲ. ಆ ಶಿಫಾರಸಾದರೂ ಮಂತ್ರಿಮಂಡಲದ ಸಲಹೆಯಿಂದಲೇ ಬರತಕ್ಕದ್ದು. ಜನರ ಕೂಗು ಆ ಮಂತ್ರಿಮಂಡಲವನ್ನು ಮುಟ್ಟಿದ ಮೇಲೆಯೇ ೧೯೫೩ರ ಡಿಸೆಂಬರಿನಲ್ಲಿ ಫಜಲ ಅಲಿ ಆಯೋಗವು ನೇಮಕವಾಯಿತು. ೧೯೫೫ರಲ್ಲಿ ಅದರ ವರದಿಯೂ, ೧೯೫೬ರಲ್ಲಿ ಪುನರ್ವಿಂಗಡಣೆಯ ಕಾಯಿದೆಯೂ ಬಂದವು. ಅದೇ ವರುಷ ನವೆಂಬರ ೧ರಂದು ನಾವು ಒಂದೇ ಸೂರಿನಡಿ ಬಂದೆವು.

ಇದಕ್ಕೆ ಪ್ರತಿಯಾಗಿ ಕಾಸರಗೋಡನ್ನು ನೋಡಿರಿ. ೧೯೬೬ರಲ್ಲಿ ನೇಮಕವಾದ ಮಹಾಜನ ಆಯೋಗವು ಚಂದ್ರಗಿರಿ ಹೊಳೆಯ ಉತ್ತರದ ಭಾಗವು ನಮ್ಮ ರಾಜ್ಯಕ್ಕೆ ಸೇರಬೇಕೆಂದು ೧೯೬೭ರಲ್ಲಿ ಹೇಳಿತು. ವರದಿಯು ವರದಿಯಾಗಿಯೇ ಉಳಿದಿದೆ, ಕಾಯಿದೆಯಾಗಿಲ್ಲ. ಏಕೆ? ಆಯೋಗವು ಹೇಳಬಲ್ಲುದು, ಮಾಡಲಾರದು. ಮಾಡತಕ್ಕದ್ದು ಮಂತ್ರಿಮಂಡಲ, ಅದನ್ನು ಕೇಳತಕ್ಕದ್ದು ಲೋಕಸಭೆ, ಲೋಕಸಭೆಯನ್ನು ಕಳಿಸತಕ್ಕವರು ನಾವು.

ಆದುದರಿಂದ ಹರ್ತಿಯ ಬಂಧುಗಳೇ, ನಿಮ್ಮ ಹಾವೇರಿ ಕ್ಷೇತ್ರದ ಪ್ರತಿನಿಧಿಯು ಮತ ಕೇಳಲು ಬಂದಾಗ ರಸ್ತೆ, ನೀರುಗಳನ್ನು ಕೇಳಿರಿ, ಅದು ತಪ್ಪಲ್ಲ. ಅದರೊಡನೆ ಇವನ್ನೂ ಕೇಳಿರಿ: ಪ್ರಶ್ನೋತ್ತರದ ವೇಳೆಯಲ್ಲಿ ಮಂತ್ರಿಗಳಿಗೆ ಏನು ಕೇಳಿದಿರಿ? ಆಯವ್ಯಯದ ಬೇಡಿಕೆಗಳಿಗೆ ಮತ ಕೊಡುವಾಗ ಏನು ಹೇಳಿದಿರಿ? ಗಡಿಯ ಕನ್ನಡಿಗರ ಸಲುವಾಗಿ ಎಂದು ಬಾಯಿ ತೆರೆದಿರಿ? ರಾಷ್ಟ್ರಪತಿಗಳ ಸಹಿಯ ಹಿಂದೆ ಮಂತ್ರಿಮಂಡಲವಿದೆ, ಮಂತ್ರಿಮಂಡಲದ ಹಿಂದೆ ಲೋಕಸಭೆಯಿದೆ. ಅದರ ಹಿಂದೆ ನೀವಿದ್ದೀರಿ. ನೀವು ಕೇಳುವುದನ್ನು ಬಿಟ್ಟ ದಿನ ಉಳಿದವರೆಲ್ಲರೂ ಉತ್ತರ ಕೊಡುವುದನ್ನು ಬಿಡುವರು. ಇದನ್ನು ಮರೆಯದಿರಬೇಕೆಂದು ಪ್ರಾರ್ಥಿಸಿ ನಮ್ಮ ಮಾತನ್ನು ಮುಗಿಸುತ್ತೇವೆ.

ಜಯ ಕರ್ನಾಟಕ! ಜಯ ಭಾರತ!